ತಾಮ್ರದ ಹಂಡೆಯನ್ನು ಬೆಳಗುವ ಬಗೆ

ಪುಣೆಯ ಕಸಬಾ ಪೇಟೆಯಲ್ಲಿರುವ ತಾಂಬಟ ಆಳಿಯನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಪೇಶವೆಯವರ ಕಾಲದಿಂದ ಬಂದ ತಾಮ್ರಗಾರರ ಓಣಿಯದು. ಅವರು ತಾಮ್ರವನ್ನು ಬಡಿದು ಮಾಡಿದ ಹಂಡೆ, ಬಂಬುಗಳು ಈ ನಗರದ ಕನ್ನಡಿಗರ ಮನೆಗಳಲ್ಲಿಯೂ ಉಂಟು. ನೀರು ತುಂಬುವ ಹಬ್ಬದ ಮುನ್ನಾದಿನ ಅಂಥದೊಂದು ಹಂಡೆಯನ್ನು ಬೆಳಗುವ ಕೆಲಸ ನಮ್ಮ ಪಾಲಿಗೆ ಬಂದಿತು. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆವು. ಬದಿಗಳು ಕೆಂಪಗೆ ಹೊಳೆದವು; ಕಂಠದ ಸುತ್ತಲಿನ ಕಲೆಗಳು ಮಾತ್ರ ತೋಳು ನೋಯುವಷ್ಟು ತಿಕ್ಕಿದರೂ ಕದಲಲಿಲ್ಲ. ಇದಕ್ಕೆ ಕಾರಣವೇನು?

ಕೊಳೆಯೆಲ್ಲವೂ ಒಂದೇ ಬಗೆಯದಲ್ಲ. ತಾಮ್ರವು ಗಾಳಿಯ ಆಮ್ಲಜನಕದೊಡನೆ ಕೂಡಿ ಕಪ್ಪಾಗುತ್ತದೆ. ತೇವವೂ ಇಂಗಾಲಾಮ್ಲವಾಯುವೂ ಸೇರಿದರೆ ಹಸುರು ಕಿಲುಬು ಹುಟ್ಟುತ್ತದೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಇವೆರಡನ್ನೂ ಕರಗಿಸಬಲ್ಲುದು. ಆದರೆ ಅಭ್ಯಂಜನದ ದಿನ ಎಣ್ಣೆಗೈಯಿಂದ ಮುಟ್ಟಿ ಮುಟ್ಟಿ ಕಂಠದಲ್ಲಿ ಕೂತ ಜಿಡ್ಡನ್ನು ಆಮ್ಲವು ಕರಗಿಸಲಾರದು. ಜಿಡ್ಡಿನ ಕೆಳಗಿರುವ ಕಿಲುಬನ್ನು ತಲುಪಲೂ ಆರದು. ಜಿಡ್ಡಿಗೆ ಬೇಕಾದುದು ಪ್ರತ್ಯಾಮ್ಲ. ಒಂದು ಲೀಟರ್ ಬಿಸಿನೀರಿಗೆ 2 ಚಮಚ ಬಟ್ಟೆ ಸೋಡಾ ಹಾಕಿದರೆ ಸಾಕು.

ಎರಡನ್ನೂ ಒಟ್ಟಿಗೆ ಕಲಸಿದರೆ ಕೆಲಸ ಬೇಗ ಮುಗಿಯಲಾರದೇ ಎಂದು ನಮಗೆ ತೋರಿತು. ಕಲಸಿದೆವು. ನೊರೆ ಬುಸ್ಸೆಂದು ಎದ್ದಿತು, ನೋಡಲು ಸೊಗಸಾಗಿತ್ತು. ಕಲೆ ಇದ್ದಲ್ಲಿಯೇ ಇತ್ತು! ಆಮ್ಲ ಪ್ರತ್ಯಾಮ್ಲಗಳು ಒಂದರ ಶಕ್ತಿಯನ್ನು ಮತ್ತೊಂದು ಕುಂದಿಸಿ ಬರಿಯ ಉಪ್ಪು ನೀರುಗಳಾಗುತ್ತವೆ. ಆದುದರಿಂದ ಮೊದಲು ಸೋಡಾ, ಬಳಿಕ ಚೆನ್ನಾಗಿ ತೊಳೆದು ಹುಣಸೆ.

ಅಂಗಡಿಯಲ್ಲಿ ದೊರೆಯುವ ತೀಕ್ಷ್ಣ ಆಮ್ಲಗಳ ಗೊಡವೆ ವಿದ್ಯಾರ್ಥಿಗಳಿಗೆ ಬೇಡ. ನೈಟ್ರಿಕ್ ಆಮ್ಲವು ತಾಮ್ರವನ್ನೇ ತಿಂದು, ಎದೆಗೆ ಅಪಾಯಕರವಾದ ಕೆಂಗಂದು ಹೊಗೆಯನ್ನು ಉಗುಳುತ್ತದೆ. ಬಚ್ಚಲು ತೊಳೆಯುವ ಆಮ್ಲಕ್ಕೆ ಬ್ಲೀಚಿಂಗ್ ಪುಡಿ ಸೋಕಿದರೆ ವಿಷವಾಯುವಾದ ಕ್ಲೋರಿನ್ ಏಳುತ್ತದೆ. ಪ್ರಯೋಗಶಾಲೆಯಲ್ಲಿ ಗಂಧಕಾಮ್ಲವನ್ನು ತೆಳುಮಾಡುವಾಗ ಗುರುಗಳು ನೀರಿಗೆ ಆಮ್ಲವನ್ನು ಹನಿಹನಿಯಾಗಿ ಬಿಡುವುದನ್ನು ನಾವು ನೋಡಿದ್ದೇವೆ. ಆಮ್ಲಕ್ಕೆ ನೀರು ಸುರಿದರೆ ಹುಟ್ಟುವ ಕಾವಿಗೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ಕಾಸ್ಟಿಕ್ ಸೋಡಾ ಕೂಡ ಸಾಧುವಲ್ಲ; ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಇಂಥವು ಮೈಮೇಲೆ ಬಿದ್ದರೆ ತಡಮಾಡದೆ ಧಾರಾಳವಾಗಿ ತಣ್ಣೀರು ಹುಯ್ದು ಹಿರಿಯರನ್ನು ಕರೆಯತಕ್ಕದ್ದು.

ಅಡಿಗೆಯ ಪಾತ್ರೆಗೆ ಒಳಗೆ ಕಲಾಯಿ ಇದ್ದರೆ ಅಲ್ಲಿ ಒರಟಾಗಿ ತಿಕ್ಕಲಾಗದು. ಕಲಾಯಿ ಹೋದೆಡೆ ಹುಳಿ ತಾಮ್ರಕ್ಕೆ ತಗಲುತ್ತದೆ, ಹಾಗೆ ಕರಗಿದ ತಾಮ್ರ ಹೊಟ್ಟೆಗೆ ಸೇರಿದರೆ ವಾಂತಿಯಾಗುತ್ತದೆ.

ನಮ್ಮ ಹಂಡೆ ಅಂತೂ ಫಳಫಳಿಸಿತು. ಸಂತೋಷದ ಭರದಲ್ಲಿ ಹುಣಸೆಯ ನೀರನ್ನು ಪೂರ್ತಿ ತೊಳೆಯದೆ, ಒಣಬಟ್ಟೆಯಿಂದ ಒರೆಸದೆ ಬಿಟ್ಟುಬಿಟ್ಟೆವು. ಬೆಳಗಾಗುವಷ್ಟರಲ್ಲಿ ಅಂಚಿನ ಮೇಲೆ ಹಸುರು ಛಾಯೆ ಮೂಡಿತ್ತು. ನೀರು ತುಂಬುವುದಕ್ಕೆ ಮೊದಲು ಮತ್ತೊಮ್ಮೆ ತಿಕ್ಕಬೇಕಾಯಿತು.