ಸುಳ್ಳು ಇಮೇಲ್‌ಗಳು: ಸದಸ್ಯರ ಗಮನಕ್ಕೆ



ಅಡಿಕೆ ಮಾರಿದ ಹಣ ಈಗ ಹೆಚ್ಚಾಗಿ ನೇರ ಬ್ಯಾಂಕ್ ಖಾತೆಗೇ ಬರುತ್ತದೆ. ಆದ್ದರಿಂದ ಕಳ್ಳನು ತೋಟದ ಬೇಲಿ ಹಾರಬೇಕಾಗಿಲ್ಲ; ನಮ್ಮ ಖಾತೆಯ ಪಾಸ್‌ವರ್ಡ್ ಮತ್ತು ಒಂದು ಓಟಿಪಿ ಸಿಕ್ಕರೆ ಅವನಿಗೆ ಸಾಕು. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ಸದಸ್ಯರು ತಮಗೆ ಬಂದ ಇಮೇಲ್ ತೋರಿಸಿ "ಇದು ನಿಜವೇ?" ಎಂದು ಕೇಳುತ್ತಿರುವುದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಪ್ಯಾನ್ 2.0 ಯೋಜನೆಗೆ ಒಪ್ಪಿಗೆ ನೀಡಿತು. ಆ ಸುದ್ದಿಯ ಬೆನ್ನಿಗೇ "ನಿಮ್ಮ ಇ-ಪ್ಯಾನ್ ಕಾರ್ಡನ್ನು ಇಲ್ಲಿ ಒತ್ತಿ ಪಡೆಯಿರಿ" ಎಂಬ ಇಮೇಲ್‌ಗಳು ಹರಿದಾಡಿದವು. ಅವು ಸುಳ್ಳೆಂದು ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿ ಎಚ್ಚರಿಸಬೇಕಾಯಿತು. ಮೋಸಗಾರರ ಜಾಣತನ ನೋಡಿ: ಯೋಜನೆ ನಿಜ, ಕಾಗದ ಮಾತ್ರ ಸುಳ್ಳು. ಆದಾಯ ತೆರಿಗೆ ಇಲಾಖೆಯಾಗಲಿ ಬ್ಯಾಂಕಾಗಲಿ ಪಿನ್, ಪಾಸ್‌ವರ್ಡ್, ಓಟಿಪಿಯನ್ನು ಇಮೇಲ್‌ನಲ್ಲಿ ಕೇಳುವುದಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಅಂಚೆ ಕಾಗದದ ಮೇಲೆ "ಹಂಪಿ ರಸ್ತೆ, ಸಂಡೂರು" ಎಂದು ಬರೆದಿದ್ದರೆ ಅದು ಹಂಪಿಗೆ ಹೋಗುವುದಿಲ್ಲ, ಸಂಡೂರಿಗೇ ಹೋಗುತ್ತದೆ. ಲಿಂಕಿನ ವಿಳಾಸವೂ ಹೀಗೆಯೇ. ಆರಂಭದ ಜೋಡಿ ಓರೆಗೆರೆಯನ್ನು ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯ ಹಿಂದೆ ಕಟ್ಟಕಡೆಗೆ ಏನಿದೆಯೋ ಅದೇ ನಿಜವಾದ ಊರು. ಕೇಂದ್ರ, ರಾಜ್ಯ ಸರ್ಕಾರಗಳ ತಾಣಗಳು ಸಾಮಾನ್ಯವಾಗಿ "ಗವ್ ಡಾಟ್ ಇನ್" ಎಂದು ಮುಗಿಯುತ್ತವೆ. ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ "ಬ್ಯಾಂಕ್ ಡಾಟ್ ಇನ್" ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. "ಗವ್ ಡಾಟ್ ಇನ್" ನಡುವೆ ಬಂದು, ಬಾಲದಲ್ಲಿ ಬೇರೇನೋ ಇದ್ದರೆ ಅದು ಹಂಪಿ ರಸ್ತೆಯೇ ಹೊರತು ಹಂಪಿಯಲ್ಲ. ಕಳಿಸಿದವರ ಹೆಸರನ್ನಂತೂ ನಂಬಲೇಬೇಡಿ; ಅದನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಸಂಶಯ ಬಂದರೆ ಲಿಂಕ್ ಒತ್ತದೆ, ಪಾಸ್‌ಬುಕ್ ಹಿಡಿದು ಬ್ಯಾಂಕಿಗೇ ಹೋಗಿ ಕೇಳುವುದು ಲೇಸು. "ಇಂದು ಸಂಜೆಯೊಳಗೆ ಖಾತೆ ಬಂದ್" ಎಂಬ ಬೆದರಿಕೆ ಇದ್ದರಂತೂ ಅವಸರ ಬೇಡವೇ ಬೇಡ.

ಸದಸ್ಯರೊಬ್ಬರು ಇಂಥ ಲಿಂಕಿನಲ್ಲಿ ಪಾಸ್‌ವರ್ಡ್ ತುಂಬಿದ ಮೇಲೆ, ಮಕ್ಕಳು ನಕ್ಕಾರೆಂದು ಎರಡು ದಿನ ಯಾರಿಗೂ ಹೇಳಲಿಲ್ಲ. ಬ್ಯಾಂಕಿಗೆ ಹೋಗುವಷ್ಟರಲ್ಲಿ ಕೊಯ್ಲಿನ ಕೂಲಿಗೆಂದು ಇಟ್ಟ ಹಣ ಹೋಗಿತ್ತು. ನಾಚಿಕೆಗೆ ತೆತ್ತ ಬೆಲೆ ಅದು. ಗ್ರಾಹಕನೇ ಗುಟ್ಟಿನ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ನಂತರದ್ದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿತ್ತು. ಆದಕಾರಣ ತಪ್ಪಾಯಿತೆಂದು ತಿಳಿದ ಗಳಿಗೆಯಲ್ಲೇ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ದೂರು ಪಡೆಯುವ ರಾಷ್ಟ್ರೀಯ ಸಹಾಯವಾಣಿ. ಹಣ ಕಳ್ಳನ ಖಾತೆಯಿಂದ ಮುಂದೆ ಸಾಗುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಅವಕಾಶವಿದೆ. ಬಂದ ಇಮೇಲನ್ನು ಅಳಿಸಬೇಡಿ, ದೂರಿಗೆ ಅದೇ ಸಾಕ್ಷಿ.

ಸಂಘದ ಹೆಸರಿನಲ್ಲೇ ಇಮೇಲ್ ಬಂದು ಓಟಿಪಿ ಕೇಳಿದರೂ ಕೊಡಬೇಡಿ. ನಾವು ಕೇಳುವುದಿಲ್ಲ. ಅಂಥದ್ದು ಬಂದರೆ ಮೊಬೈಲ್ ಸಮೇತ ಕಚೇರಿಗೆ ಬಂದು ಗುಮಾಸ್ತರಿಗೆ ತೋರಿಸಿ.