ಯಾತ್ರಿಕರೂ ವಿಷಮಶೀತಜ್ವರವೂ

ಮಾಘಮಾಸ ಬಂದಿತೆಂದರೆ ನಮ್ಮ ಸೀಮೆಯ ದಾರಿಗಳಲ್ಲಿ ಪಾದಯಾತ್ರಿಕರ ಸಾಲು ಕಾಣತೊಡಗುತ್ತದೆ. ದಾವಣಗೆರೆಯಿಂದ ಕೊಟ್ಟೂರಿನ ರಥೋತ್ಸವಕ್ಕೆ ನಡೆದು ಹೋಗುವವರು, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸೇವಾಲಾಲರ ದರ್ಶನಕ್ಕೆ ಬರುವವರು, ಯುಗಾದಿಗೆ ಮುನ್ನ ಶ್ರೀಶೈಲದ ಹಾದಿ ಹಿಡಿಯುವವರು, ಹೀಗೆ ಒಬ್ಬರ ಹಿಂದೆ ಒಬ್ಬರು. 1950ರಲ್ಲಿ ಜಗಳೂರಿನಲ್ಲಿ ಆರಂಭಗೊಂಡ ತರಳಬಾಳು ಹುಣ್ಣಿಮೆ ಮಹೋತ್ಸವವು 2018ರಲ್ಲಿ ಮತ್ತೆ ಅದೇ ಊರಿಗೆ ಬಂದುದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಜನ ಸೇರಿದಲ್ಲಿ ದಾಸೋಹ, ದಾಸೋಹವಿದ್ದಲ್ಲಿ ನೀರು. ಆ ನೀರಿನ ಕುರಿತೇ ಈ ತಿಂಗಳು ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ವಿಷಮಶೀತಜ್ವರ, ಅಂದರೆ ಟೈಫಾಯಿಡ್, ಯಾತ್ರೆಯಲ್ಲಿ ತಗಲಿದರೂ ಸಾಮಾನ್ಯವಾಗಿ ಯಾತ್ರೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ರೋಗಾಣು ಹೊಟ್ಟೆ ಸೇರಿದ ಒಂದೆರಡು ವಾರಗಳ ಮೇಲೆ, ಒಮ್ಮೊಮ್ಮೆ ತಿಂಗಳು ಕಳೆದ ಮೇಲೆ, ಜ್ವರ ಆರಂಭವಾಗುತ್ತದೆ. ಅಷ್ಟರಲ್ಲಿ ಭಕ್ತರು ಮನೆಗೆ ಮರಳಿ ಹೊಲ ಗದ್ದೆಗಳ ಕೆಲಸದಲ್ಲಿ ತೊಡಗಿರುತ್ತಾರೆ. ನಡೆದ ಆಯಾಸ, ಬಿಸಿಲಿನ ತಾಪ ಎಂದುಕೊಂಡು ಅಂಗಡಿಯ ಮಾತ್ರೆ ನುಂಗುತ್ತಾ ಕಾಲ ಕಳೆಯುತ್ತಾರೆ. ಜ್ವರವಾದರೋ ದಿನದಿಂದ ದಿನಕ್ಕೆ ಮೆಟ್ಟಿಲೇರಿದಂತೆ ಏರುತ್ತದೆ. ತಲೆನೋವು, ಹೊಟ್ಟೆನೋವು, ಬಾಯಿರುಚಿ ಕೆಡುವುದು, ಮಲಬದ್ಧತೆ ಅಥವಾ ಭೇದಿ ಜೊತೆಗೂಡುತ್ತವೆ. ಚಿಕಿತ್ಸೆಯಿಲ್ಲದೆ ಮೂರನೆಯ ವಾರಕ್ಕೆ ಕಾಲಿಟ್ಟರೆ ಕರುಳಿನಲ್ಲಿ ರಕ್ತಸ್ರಾವವಾಗುವ, ಕರುಳು ತೂತು ಬೀಳುವ ಅಪಾಯವಿದೆ. ಆದುದರಿಂದ ಮೂರು ದಿನ ಮೀರಿದ ಜ್ವರಕ್ಕೆ ವೈದ್ಯರ ಬಳಿ ಹೋದಾಗ, ಕೇಳದಿದ್ದರೂ, ಇಂಥ ದಿನ ಇಂಥ ಕ್ಷೇತ್ರಕ್ಕೆ ಹೋಗಿದ್ದೆವು ಎಂದು ತಿಳಿಸಬೇಕು.

ಈ ರೋಗಕ್ಕೆ ಕಾರಣವಾದ ಸಾಲ್ಮೊನೆಲ್ಲಾ ಟೈಫಿ ಎಂಬ ಸೂಕ್ಷ್ಮಾಣುವಿಗೆ ಮನುಷ್ಯನ ದೇಹವೊಂದೇ ಆಶ್ರಯ. ಇದು ಸೊಳ್ಳೆಯಿಂದ ಬಾರದು, ದನಕರುಗಳಿಂದ ಬಾರದು, ಬಿಸಿಲಿನಿಂದಂತೂ ಬಾರದು. ರೋಗಿಯ ಮಲಮೂತ್ರ ಸೇರಿದ ನೀರು, ತೊಳೆಯದ ಕೈ, ನೊಣ ಕುಳಿತ ಆಹಾರ, ಇವೇ ಅದರ ದಾರಿಗಳು. ಇನ್ನೊಂದು ಸಂಗತಿಯನ್ನು ದಾಸೋಹದ ಸೇವಾಕರ್ತರು ವಿಶೇಷವಾಗಿ ಗಮನಿಸಬೇಕು. ಜ್ವರ ಪೂರ್ಣ ವಾಸಿಯಾದವರಲ್ಲಿಯೂ ನೂರಕ್ಕೆ ಕೆಲವರ ಪಿತ್ತಕೋಶದಲ್ಲಿ ಈ ಸೂಕ್ಷ್ಮಾಣು ವರ್ಷಗಟ್ಟಲೆ ಉಳಿಯುತ್ತದೆ. ಅವರಿಗೆ ಯಾವ ಬಾಧೆಯೂ ಇರುವುದಿಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಅಡುಗೆಯಾಕೆ ತಾನು ಆರೋಗ್ಯವಾಗಿದ್ದುಕೊಂಡೇ ಅಡುಗೆ ಮಾಡಿದ ಮನೆಗಳಲ್ಲೆಲ್ಲ ರೋಗ ಹರಡಿದುದನ್ನು 1907ರಲ್ಲಿ ಜಾರ್ಜ್ ಸೋಪರ್ ಎಂಬುವರು ಪತ್ತೆ ಹಚ್ಚಿದರು. ಕುದಿಸಿದ ಅಡುಗೆಯಿಂದಲ್ಲ, ಹಸಿ ಹಣ್ಣು ಬೆರೆಸಿದ ಐಸ್‌ಕ್ರೀಮಿನಿಂದ ಅದು ಹರಡಿರಬೇಕೆಂದು ಅವರು ಊಹಿಸಿದರು. ಆಕೆಯಲ್ಲಿ ದುರುದ್ದೇಶವಿರಲಿಲ್ಲ, ತನ್ನೊಳಗೆ ರೋಗವಿದೆಯೆಂಬುದನ್ನು ಆಕೆ ನಂಬಲೇ ಇಲ್ಲ.

ಬಡಿಸುವ ಕೈ ಭಕ್ತಿಯುಳ್ಳದ್ದೆಂಬ ಮಾತ್ರಕ್ಕೆ ಅದು ಸ್ವಚ್ಛವಾಗಿರಲೇಬೇಕೆಂದಿಲ್ಲ. ಬಿಸಿಬಿಸಿ ಅನ್ನ ಸಾಂಬಾರಿನಿಂದ ಭಯವಿಲ್ಲ. ಭಯವಿರುವುದು ಕೋಸಂಬರಿ, ಹೆಚ್ಚಿದ ಹಣ್ಣು, ಮಂಡಕ್ಕಿಗೆ ಬೆರೆಸುವ ಹಸಿ ಈರುಳ್ಳಿ, ಮಜ್ಜಿಗೆ, ಪಾನಕಗಳಿಂದ. ಪಾನಕಕ್ಕೆ ಹಾಕುವ ಮಂಜುಗಡ್ಡೆಯಿಂದ ಇನ್ನೂ ಹೆಚ್ಚು. ದಾವಣಗೆರೆಯ ಬೆಣ್ಣೆದೋಸೆ ಕಾವಲಿಯಿಂದಿಳಿದಂತೆಯೇ ತಿಂದರೆ ಕೇಡಿಲ್ಲ, ಜೊತೆಗೆ ಬರುವ ನೀರು ಚಟ್ನಿಯ ವಿಷಯದಲ್ಲಿ ನಾವು ಅಷ್ಟು ಧೈರ್ಯ ಹೇಳಲಾರೆವು.

ಅರವಟ್ಟಿಗೆ ಇಡುವವರು ಮಡಕೆಗೆ ಮುಚ್ಚಳ, ಉದ್ದ ಹಿಡಿಯ ಸೌಟು ಅಥವಾ ನಲ್ಲಿ ಇರುವಂತೆ ನೋಡಿಕೊಳ್ಳಬೇಕು. ಲೋಟ ಹಿಡಿದ ಕೈಯನ್ನೇ ಮಡಕೆಯೊಳಗೆ ಅದ್ದಬಾರದು. ಜಗಳೂರಿನ ಕಡೆ ಕೊಳವೆಬಾವಿಯ ನೀರು ಟ್ಯಾಂಕರಿನಲ್ಲಿ ಬರುತ್ತದೆ; ನೋಡಲು ತಿಳಿಯಾಗಿದ್ದರೂ ತುಂಬಿದ ಪೈಪು, ಸುರಿದ ತೊಟ್ಟಿ ಹೇಗಿದ್ದವೋ ಬಲ್ಲವರಾರು? ಸಾವಿರ ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪೌಡರ್ ಬೇಕು, ಐದು ಸಾವಿರ ಲೀಟರಿನ ಟ್ಯಾಂಕರಿಗೆ 12.5 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬೆರೆಸಿ ಒಂದು ಗಂಟೆ ಬಿಡಬೇಕು. ಚೀಲ ಬಾಯ್ದೆರೆದು ಬಹುಕಾಲ ಇಟ್ಟ ಪುಡಿಗೆ ಶಕ್ತಿಯಿರುವುದಿಲ್ಲ. ಹೊನ್ನಾಳಿಯಲ್ಲಿ ತುಂಗಭದ್ರೆಗಿಳಿದವರು ಮೀಯಲಿ, ಬೊಗಸೆಯಿಂದ ಕುಡಿಯುವುದು ಬೇಡ. ನ್ಯಾಮತಿ ಬಳಿಯ ತೀರ್ಥರಾಮೇಶ್ವರದಿಂದ ಬಾಟಲಿಯಲ್ಲಿ ತುಂಬಿ ತಂದ ನೀರನ್ನೂ, ಚನ್ನಗಿರಿ ಸೂಳೆಕೆರೆಯ ದಂಡೆಯಲ್ಲಿ ಹಿಡಿದ ನೀರನ್ನೂ ಕುದಿಸಿಯೇ ಬಳಸಬೇಕು. ಒಂದು ನಿಮಿಷ ಕೊತಕೊತ ಕುದಿದರೆ ಸಾಕು. ಪಾದೋದಕಕ್ಕೆ ಬಳಸುವ ನೀರನ್ನು ಮೊದಲೇ ಕುದಿಸಿ ಆರಿಸಿಟ್ಟುಕೊಂಡರೆ ಆಚಾರಕ್ಕೆ ಯಾವ ಕುಂದೂ ಬಾರದು.

ಲಸಿಕೆಯೂ ಉಂಟು. ಹೈದರಾಬಾದಿನಲ್ಲಿ ತಯಾರಾಗುವ ಸಂಯುಕ್ತ ಟೈಫಾಯಿಡ್ ಲಸಿಕೆಗೆ 2017ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆಯಿತು. ಆರು ತಿಂಗಳ ಕೂಸಿನಿಂದ ಮೊದಲ್ಗೊಂಡು ಕೊಡಬಹುದಾದ, ಒಂದೇ ಬಾರಿಯ ಚುಚ್ಚುಮದ್ದು ಅದು. ನೇಪಾಳ, ಬಾಂಗ್ಲಾದೇಶ, ಮಲಾವಿಗಳ ಮಕ್ಕಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು ಎಂಬತ್ತರಷ್ಟು ರಕ್ಷಣೆ ಕಂಡುಬಂದಿದೆ. ಯಾತ್ರೆಗೆ ಎರಡು ವಾರ ಮೊದಲಾದರೂ ಹಾಕಿಸಿಕೊಳ್ಳಬೇಕು. ಹೊರಡುವ ಮುನ್ನಾದಿನ ಹಾಕಿಸಿದರೆ ಫಲ ಕಡಿಮೆ. ಪ್ಯಾರಾಟೈಫಾಯಿಡ್ ಎಂಬ ಸೋದರ ರೋಗವನ್ನು ಅದು ತಡೆಯದು. ಆದುದರಿಂದ ಲಸಿಕೆ ಪಡೆದವರೂ ನೀರಿನ ಎಚ್ಚರಿಕೆಯನ್ನು ಬಿಡುವಂತಿಲ್ಲ.

ಜ್ವರ ಬಂದವರಿಗೆ ಅನ್ನ ಕೊಡಬಾರದೆಂಬ ಹಳೆಯ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಉಪವಾಸದಿಂದ ರೋಗಿ ಮತ್ತಷ್ಟು ಸೊರಗುತ್ತಾರೆಯೇ ಹೊರತು ರೋಗ ಸೊರಗುವುದಿಲ್ಲ. ಮೆತ್ತನೆಯ ಅನ್ನ, ಗಂಜಿ, ಬೇಳೆಕಟ್ಟು ಕೊಡಬಹುದು. ವಿಡಾಲ್ ಪರೀಕ್ಷೆಯೊಂದನ್ನೇ ನಂಬದೆ, ಔಷಧಿ ಆರಂಭಿಸುವ ಮುನ್ನ ರಕ್ತದ ಕಲ್ಚರ್ ಮಾಡಿಸುವುದು ಉತ್ತಮ. ಹಲವು ಹಳೆಯ ಔಷಧಿಗಳಿಗೆ ಈ ಸೂಕ್ಷ್ಮಾಣು ಈಗ ಜಗ್ಗದು. ಜ್ವರ ಇಳಿಯಿತೆಂದು ವೈದ್ಯರು ಹೇಳಿದ ಅವಧಿಗೆ ಮುಂಚೆ ಮಾತ್ರೆ ನಿಲ್ಲಿಸಿದವರಲ್ಲಿ ರೋಗ ಮರುಕಳಿಸುವುದುಂಟು.

ಇತ್ತೀಚೆಗೆ ಈ ಜ್ವರದಿಂದ ಎದ್ದವರು, ಮಲಪರೀಕ್ಷೆಯಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳುವವರೆಗೆ, ಅಡುಗೆ ಮನೆಯ ಮತ್ತು ಬಡಿಸುವ ಸೇವೆಯಿಂದ ದೂರವಿರಬೇಕು. ಇದನ್ನು ಯಾರೂ ಅವಮಾನವೆಂದು ಭಾವಿಸಬಾರದು. ಪಾದರಕ್ಷೆ ಕಾಯುವ, ವಾಹನಗಳಿಗೆ ದಾರಿ ತೋರುವ, ಚಾಪೆ ಹಾಸುವ ಸೇವೆಗಳೂ ಇವೆ. ದಾಸೋಹದ ಹಿರಿಯರು ಅವರಿಗೆ ಅವನ್ನೇ ಒಪ್ಪಿಸಬೇಕು.