ಕುದುರೆಮುಖಕ್ಕೆ ಆಷಾಢದಲ್ಲಿ ಬೇಡ



ಎಪ್ಪತ್ತು ದಾಟಿದ ತಂದೆಯವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಆಷಾಢದಲ್ಲಿಯೇ ಕುದುರೆಮುಖದ ಶಿಖರವನ್ನೇರಬೇಕೆಂಬ ನಿಮ್ಮ ಸಂಕಲ್ಪ ಪ್ರಶಂಸನೀಯವಾದರೂ, ಕಾಲದ ಆಯ್ಕೆಯನ್ನು ನಾನು ಒಪ್ಪಲಾರೆ. ಆ ಮಾಸದಲ್ಲಿ ಮೋಡವು ಬೆಟ್ಟವನ್ನು ಬಿಟ್ಟು ಕದಲುವುದೇ ಅಪರೂಪವಾದುದರಿಂದ, ಹಳ್ಳಗಳನ್ನು ದಾಟಿ ಬಹು ಪ್ರಯಾಸದಿಂದ ಮೇಲೇರಿದವನಿಗೆ ಬಿಳಿಯ ಶೂನ್ಯವಲ್ಲದೆ ಬೇರೇನೂ ಗೋಚರಿಸದು. ಮಳೆ ಹಿಂದೆಗೆದ ಮೇಲೆ, ಅಕ್ಟೋಬರಿನಿಂದ ಜನವರಿಯೊಳಗೆ ಹೋದಿರಾದರೆ, ಹುಲ್ಲು ಹೊದೆದ ಗುಡ್ಡಗಳೂ, ಅವುಗಳ ಮಡಿಲಲ್ಲಿ ಗಾಳಿಗೆ ಮರೆಯಾಗಿ ಒತ್ತೊತ್ತಾಗಿ ನಿಂತ ಕುಳ್ಳು ಮರಗಳ ಶೋಲಾ ಕಾಡುಗಳೂ ನಿಚ್ಚಳವಾಗಿ ಕಾಣುವುವು. ಬೇಸಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಹಾದಿಯನ್ನು ಮುಚ್ಚುವುದುಂಟು.

1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಅರಣ್ಯಕ್ಕೆ ದಿನವೊಂದಕ್ಕೆ ಇಂತಿಷ್ಟೇ ಜನರನ್ನು ಬಿಡುವರಾದ್ದರಿಂದ, ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ. ವಾರಾಂತ್ಯವನ್ನು ಬಿಟ್ಟರೆ ಇನ್ನೂ ಒಳಿತು. ಬಾಳೆಹೊಳೆ ಊರಿನಿಂದ, ನಡಿಗೆ ತೊಡಗುವ ಮುಳ್ಳೋಡಿಗೆ ಜೀಪೇ ಗತಿ. ಅಲ್ಲಿಂದ ಹೋಗಿಬರುವ ಸುಮಾರು 20 ಕಿಲೋಮೀಟರನ್ನು ಒಂದೇ ಹಗಲಿನಲ್ಲಿ ಮುಗಿಸಬೇಕು, ಬೆಟ್ಟದ ಮೇಲೆ ಡೇರೆ ಹಾಕುವಂತಿಲ್ಲ.

ಇನ್ನು ನಿಮ್ಮ ಶ್ರೀಮತಿಯವರಿಗಿರುವ ಇಂಬಳದ, ಎಂದರೆ ಜಿಗಣೆಯ, ಭಯ. ತೊಯ್ದ ಎಲೆಯ ಅಂಚಿನಲ್ಲಿ ನೂಲಿನೆಳೆಯಂತೆ ನಿಮಿರಿ ನಿಂತು, ಕಾಲ ಸಪ್ಪಳಕ್ಕೆ ಅತ್ತಿತ್ತ ತಡಕಾಡುವ ಆ ಜೀವವನ್ನು ಕಂಡು ಅಸಹ್ಯಪಡದವರಿಲ್ಲ. ಆದರೆ ಕಚ್ಚಿದಾಗ ಕಿತ್ತೆಳೆಯದೆ ಉಗುರಿನಿಂದ ಮೆಲ್ಲನೆ ಸರಿಸಿದರೆ ಸಾಕು. ಕಾಲುಚೀಲಕ್ಕೆ ಹೊಗೆಸೊಪ್ಪಿನ ಪುಡಿ ಸವರಿಕೊಳ್ಳುವುದು ಮಲೆನಾಡಿಗರ ಹಳೆಯ ಉಪಾಯ.

ತಂದೆಯವರನ್ನು ಮಾತ್ರ ಈ ಏರಿಗೆ ಎಳೆಯಬೇಡಿ. ಅವರು ಸಮೀಪದ ಕಳಸದಲ್ಲಿ ತಂಗಿ, ಕಳಸೇಶ್ವರನ ದರ್ಶನ ಮಾಡಿಕೊಂಡು, ನೀವು ಇಳಿದು ಬರುವವರೆಗೆ ಭದ್ರೆಯ ದಡದಲ್ಲಿ ಸುಖವಾಗಿ ಕುಳಿತಿರಲಿ.